ಕಾರಿನ ಆಯಿಲ್: ಹೆಸರಿಗಿಂತ ಸಂಕೇತ ಮುಖ್ಯ

ಕಾರು ಕಂಪನಿಗಳು ಸಾಮಾನ್ಯವಾಗಿ ಎಂಜಿನ್ ಆಯಿಲನ್ನು ತಾವೇ ತಯಾರಿಸುವುದಿಲ್ಲ. ತಮಗೆ ಬೇಕಾದ ಗುಣಮಟ್ಟ ಹೇಳಿ ತೈಲ ಕಂಪನಿಗಳಿಂದ ಮಾಡಿಸಿ, ತಮ್ಮ ಹೆಸರಿನ ಡಬ್ಬಿಯಲ್ಲಿ ಮಾರುತ್ತವೆ. ಹಾಗಾಗಿ ಹೊರಗಿನ ಅಂಗಡಿಯ ಆಯಿಲೆಲ್ಲ ಕಳಪೆ ಎನ್ನಲಾಗದು. ನೋಡಬೇಕಾದದ್ದು ಡಬ್ಬಿಯ ಮೇಲಿನ ಸಂಕೇತ.

‘5ಡಬ್ಲ್ಯೂ-30’ ಎಂದಿದ್ದರೆ, ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನೂ, ಎರಡನೆಯದು ಎಂಜಿನ್ ಕಾದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎಂಬುದನ್ನೂ ತಿಳಿಸುತ್ತದೆ. 2020ರಲ್ಲಿ ಬಂದ ‘ಎಪಿಐ ಎಸ್‌ಪಿ’ ಪೆಟ್ರೋಲ್ ಎಂಜಿನ್‌ ಆಯಿಲಿನ ಗುಣಮಟ್ಟದ ದರ್ಜೆ. ಇವೆರಡೂ ಕಾರಿನ ಕೈಪಿಡಿಗೆ ಹೊಂದಿದರೆ ನಂಬಿಕಸ್ಥ ಕಂಪನಿಯ ಯಾವ ಆಯಿಲಾದರೂ ಆದೀತು.

ಬ್ರೇಕ್ ಆಯಿಲಿನ ಆಯ್ಕೆಯೂ ಸುಲಭ. ‘ಡಾಟ್ 4’ ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಸೇರುತ್ತ ಹೋದಂತೆ ಈ ಮಿತಿ 155ಕ್ಕೆ ಇಳಿಯಬಹುದು. ಘಾಟಿ ಇಳಿಯುವಾಗ ಅದು ಕುದ್ದರೆ ಪೆಡಲ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ. ಯಾವ ಕಂಪನಿಯದಾದರೂ ಮೊಹರು ಒಡೆಯದ ಡಬ್ಬಿಯನ್ನೇ ಕೊಳ್ಳಬೇಕು, ಅವಧಿಗೆ ಸರಿಯಾಗಿ ಬದಲಿಸಬೇಕು.

ಕೂಲಂಟ್‌ನಲ್ಲಿ ಬಣ್ಣ ನಂಬುವಂತಿಲ್ಲ. ಒಂದೇ ಬಣ್ಣದ ಎರಡು ಕೂಲಂಟ್‌ಗಳ ರಾಸಾಯನಿಕ ಬೇರೆಯಿರಬಹುದು. ಬೆರೆಸಿದರೆ ತುಕ್ಕು ತಡೆಯುವ ಶಕ್ತಿ ಕುಗ್ಗಬಹುದು.

ಸಿವಿಟಿಯಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಮಾತ್ರ ಕಾರು ಕಂಪನಿಯ ಆಯಿಲೇ ಕ್ಷೇಮ. ಅದರ ಬೆಲ್ಟ್ ಜಾರದಂತೆ ಹಿಡಿಯುವ ಗುಣ ಆ ದ್ರವದಲ್ಲೇ ಇರುತ್ತದೆ. ವಾರಂಟಿ ಮುಗಿಯದ ಕಾರಿನ ಷರತ್ತುಗಳನ್ನು ಮೊದಲು ಓದಿ, ಪ್ರತಿ ಬಿಲ್ಲನ್ನೂ ಜೋಪಾನವಾಗಿಡಬೇಕು.