ಅಗ್ಗದ ರೇಡಿಯೊಗೆ ಮೊಬೈಲ್ ಟವರೇ ಅಳತೆಗೋಲು

ಪ್ರಶ್ನೆ: ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ಟಿವಿ ಡಾಂಗಲ್‌ನಲ್ಲಿ ರೇಡಿಯೊ ಸಂಕೇತ ಹಿಡಿಯುತ್ತೇನೆ. ಆವರ್ತನ ತುಸು ತಪ್ಪಾಗಿ ಕಾಣುತ್ತದೆ. ದುಬಾರಿ ಉಪಕರಣವಿಲ್ಲದೆ ಸರಿಪಡಿಸಬಹುದೇ?

ಉತ್ತರ: ಖಂಡಿತ ಆಗುತ್ತದೆ. ತಪ್ಪಿನ ಮೂಲ ಒಳಗಿರುವ ಪುಟ್ಟ ಸ್ಫಟಿಕ. ರಿಸೀವರ್ ತನ್ನ ಎಲ್ಲ ಆವರ್ತನಗಳನ್ನೂ ಅದರ ಕಂಪನದಿಂದಲೇ ಲೆಕ್ಕ ಹಾಕುತ್ತದೆ. ಅಗ್ಗದ ಸ್ಫಟಿಕದಲ್ಲಿ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸವಿದ್ದರೂ ಅಚ್ಚರಿಯಿಲ್ಲ. 900 ಮೆಗಾಹರ್ಟ್ಸ್‌ನಲ್ಲಿ ಅದು 45 ಕಿಲೋಹರ್ಟ್ಸ್ ಆಗುತ್ತದೆ.

ಪ್ರಯೋಗಾಲಯದ ಮಾನಕ ನಿಮ್ಮ ಬೀದಿಯಲ್ಲೇ ನಿಂತಿದೆ: 2ಜಿ (ಜಿಎಸ್‌ಎಂ) ಮೊಬೈಲ್ ಟವರ್. ಜಿಎಸ್‌ಎಂ ನಿಯಮದಂತೆ ದೊಡ್ಡ ಟವರಿನ ಆವರ್ತನ ಹತ್ತು ಲಕ್ಷಕ್ಕೆ 0.05ಕ್ಕಿಂತ ಹೆಚ್ಚು ಸರಿಯುವಂತಿಲ್ಲ. ಫೋನುಗಳು ತಮ್ಮನ್ನು ತಿದ್ದಿಕೊಳ್ಳಲೆಂದೇ ಟವರ್ ತನ್ನ ವಾಹಕ ತರಂಗದ ಆವರ್ತನಕ್ಕಿಂತ ಸುಮಾರು 67.7 ಕಿಲೋಹರ್ಟ್ಸ್ ಮೇಲೆ ಒಂದು ಶುದ್ಧ ಸ್ವರವನ್ನು ಮತ್ತೆ ಮತ್ತೆ ಹೊರಡಿಸುತ್ತದೆ. ಉಚಿತವಾಗಿ ಸಿಗುವ 'ಕ್ಯಾಲಿಬ್ರೇಟ್' ತಂತ್ರಾಂಶ ಆ ಸ್ವರ ಎಲ್ಲಿ ಬಿತ್ತೆಂದು ಅಳೆದು ನಿಮ್ಮ ಡಾಂಗಲ್‌ನ ತಪ್ಪನ್ನು ಹೇಳುತ್ತದೆ. ಆ ಸಂಖ್ಯೆಯನ್ನು ರೇಡಿಯೊ ತಂತ್ರಾಂಶದಲ್ಲಿ ತುಂಬಿದರೆ ಸಾಕು. ಬೇರೆಯವರ ಕರೆಗೆ ಕಿವಿಗೊಡುವ ಪ್ರಶ್ನೆಯೇ ಇಲ್ಲಿಲ್ಲ.

ಅಳೆಯುವ ಮುನ್ನ ಡಾಂಗಲ್ ಇಪ್ಪತ್ತು ನಿಮಿಷ ಬಿಸಿಯಾಗಲಿ. ತಾಪ ಬದಲಾದಂತೆ ಸ್ಫಟಿಕವೂ ಜಾರುತ್ತದೆ. ಸಂಕೇತದ ಬಲವನ್ನು ನಿಖರವಾಗಿ ಅಳೆಯಲು ಮಾತ್ರ ಈ ಉಪಾಯ ಸಾಲದು, ಅದಕ್ಕೆ ಬಲ ಗೊತ್ತಿರುವ ಸಂಕೇತವೇ ಬೇಕು.