ಕೆಸರಿನ ಕೆಂಪು ಹುಳು ಸೊಳ್ಳೆಮರಿಯಲ್ಲ

ವರ್ತೂರು ಕೆರೆಯ ಆಸುಪಾಸಿನಲ್ಲಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟುಗಳಲ್ಲಿ ಮುಸ್ಸಂಜೆ ದೀಪ ಹಾಕಿದರೆ ನುಸಿ ಮುತ್ತುತ್ತದೆ. ಕಾಲುವೆಯ ಕೆಸರು ಕೆದಕಿದರೆ ದಾರದೆಳೆಯಂಥ ರಕ್ತಗೆಂಪು ಹುಳುಗಳು ಹೊರಳುತ್ತವೆ. ಎರಡನ್ನೂ ಕಂಡವರು ಸೊಳ್ಳೆ, ಸೊಳ್ಳೆಮರಿ ಎಂದು ತೀರ್ಮಾನಿಸಿ ಫಾಗಿಂಗ್‌ಗೆ ಫೋನ್ ಮಾಡುತ್ತಾರೆ.

ಸೊಳ್ಳೆಮರಿ ಸಾಮಾನ್ಯವಾಗಿ ಉಸಿರಿಗಾಗಿ ನೀರಿನ ಮೇಲ್ಮೈಗೆ ಬರಲೇಬೇಕು. ಕ್ಯೂಲೆಕ್ಸ್ ಮರಿಯಂತೂ ಬಾಲದ ಕೊಳವೆಯನ್ನು ಮೇಲೆ ಚಾಚಿ ತಲೆಕೆಳಗಾಗಿ ನೇತಾಡುತ್ತದೆ. ಕೆಂಪು ಹುಳುವಿನ ಮನೆ ತಳದ ಕೆಸರು. ಅದು ಕೈರೊನೊಮಿಡ್ ಎಂಬ ನುಸಿಯ ಮರಿ. ಕೆಸರಿನಲ್ಲೇ ಕೊಳವೆ ಕಟ್ಟಿಕೊಂಡು ಕೊಳೆತದ್ದನ್ನು ತಿಂದು ಬೆಳೆಯುತ್ತದೆ. ಮೈ ಕೆಂಪಗಿರುವುದು ಹಿಮೋಗ್ಲೋಬಿನ್‌ನಿಂದ. ಆಮ್ಲಜನಕ ತೀರ ಕಡಿಮೆಯಿರುವಲ್ಲೂ ಸಿಕ್ಕಷ್ಟನ್ನು ಹಿಡಿದಿಟ್ಟುಕೊಂಡು ಬದುಕುವ ಉಪಾಯ ಅದು. ರೆಕ್ಕೆ ಬಂದ ಮೇಲೆ ಅದರ ಆಯುಸ್ಸು ಕೆಲವೇ ದಿನ. ಅದು ಕಚ್ಚುವುದಿಲ್ಲ, ಮಲೇರಿಯಾ, ಡೆಂಗಿ ಹರಡುವುದಿಲ್ಲ. ಫಾಗಿಂಗ್ ಹೊಗೆ ಹಾರುವ ನುಸಿಯನ್ನು ಕೊಂದೀತು, ಕೆಸರಿನೊಳಗಿನ ಮರಿಯನ್ನು ಮುಟ್ಟದು.

ಹಾಗಾದರೆ ಹುಳುವಿದೆ, ನೀರಿಗೆ ಜೀವ ಬಂದಿದೆ ಎನ್ನೋಣವೇ? ಅದೂ ತಪ್ಪು. ಎಷ್ಟು ಹುಳುಗಳಿವೆ ಎಂಬುದಕ್ಕಿಂತ ಎಷ್ಟು ಬಗೆಯವು ಎಂದು ನೋಡಬೇಕು. ಕಲ್ಲಿನ ಮೇಲೆ ತಿಳಿನೀರು ಹರಿಯುವ ಮಲೆನಾಡಿನ ತೊರೆಯಲ್ಲಿ ಒಂದು ಕಲ್ಲು ಮಗುಚಿ ನೋಡಿ: ಕಿವಿರು ಅಲ್ಲಾಡಿಸುವ ಮೇಫ್ಲೈ ಮರಿ, ಮರಳುಕಣ ಅಂಟಿಸಿ ಗೂಡು ಕಟ್ಟಿದ ಕ್ಯಾಡಿಸ್ ಮರಿ, ಏಡಿ, ಸೀಗಡಿ, ಬಸವನಹುಳು. ಕೊಳಚೆ ಬೆರೆತಾಗ ಅದನ್ನು ಕೊಳೆಸುವ ಬ್ಯಾಕ್ಟೀರಿಯಾ ಆಮ್ಲಜನಕವನ್ನು ಹೀರಿಬಿಡುತ್ತವೆ. ಮೊದಲು ಹೋಗುವುದು ಮೇಫ್ಲೈಯಂಥ ನಾಜೂಕು ಜೀವಿಗಳು. ಕೊನೆಗೆ ಉಳಿಯುವುದು ಕೆಂಪು ನುಸಿಮರಿ ಮತ್ತು ಟ್ಯುಬಿಫೆಕ್ಸ್ ಹುಳು; ಪೈಪೋಟಿ ಇಲ್ಲದ್ದರಿಂದ ಅವೇ ಲಕ್ಷಗಟ್ಟಲೆ ಆಗುತ್ತವೆ. ಹುಳುಗಳೇ ನೀರು ಕೆಡಿಸಿದವು ಎನ್ನುವುದು ಅನ್ಯಾಯ.

ಮಳೆ ಬಂದು ನೊರೆ ಕೊಚ್ಚಿಹೋದರೆ ಹೊಳೆ ಶುದ್ಧವಾಯಿತು ಎಂಬ ನಂಬಿಕೆ ಪೀಣ್ಯದ ಕಡೆಯ ಹಳ್ಳಗಳಿಗೆ ಸ್ವಲ್ಪವೂ ಹೊಂದದು. ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ತ್ಯಾಜ್ಯದಲ್ಲಿರುವ ಕ್ರೋಮಿಯಂ, ನಿಕಲ್‌ನಂಥ ಲೋಹಗಳು ಹಳ್ಳ ಸೇರಿದರೆ ಕೆಸರಿಗೆ ಅಂಟಿ ತಳದಲ್ಲಿ ಕೂರುತ್ತವೆ. ಪರೀಕ್ಷೆಗೆಂದು ಬಾಟಲಿಯಲ್ಲಿ ಹಿಡಿದ ನೀರು ಆ ಒಂದು ಗಳಿಗೆಯ ಸ್ಥಿತಿಯನ್ನಷ್ಟೇ ಹೇಳುತ್ತದೆ. ವಾರ, ತಿಂಗಳುಗಟ್ಟಲೆ ತಳದಲ್ಲೇ ಬದುಕಿದ ಜೀವಿ ಅಷ್ಟೂ ದಿನಗಳ ಲೆಕ್ಕ ಹೇಳುತ್ತದೆ. ಈ ಹಳ್ಳಗಳು ವೃಷಭಾವತಿಗೆ, ವೃಷಭಾವತಿ ಬೈರಮಂಗಲ ಕೆರೆ ದಾಟಿ ಅರ್ಕಾವತಿಗೆ, ಅರ್ಕಾವತಿ ಸಂಗಮದಲ್ಲಿ ಕಾವೇರಿಗೆ ಸೇರುತ್ತವೆ.

ಆದ್ದರಿಂದ ಮುಂದಿನ ಸಲ ನುಸಿ ಮುತ್ತಿದಾಗ ಹೊಗೆಯ ಗಾಡಿಯನ್ನಷ್ಟೇ ಕೇಳಬೇಡಿ. ನಿಮ್ಮ ಬಡಾವಣೆಯ ಕೊಳಚೆ ರಾಜಕಾಲುವೆಗೆ ಎಲ್ಲಿ ಬಂದು ಬೀಳುತ್ತಿದೆ ಎಂದು ಕೇಳಿ, ಅದನ್ನು ನಿಲ್ಲಿಸುವವರೆಗೂ ಕೇಳುತ್ತಲೇ ಇರಿ.