ಮನೆಗೆ ಒಂದು ಕೋಣೆ

ಮಕ್ಕಳು ದೊಡ್ಡವರಾದರು. ಮನೆ ಸಾಲದು. ಹಿತ್ತಲಲ್ಲಿ ಒಂದು ಕೋಣೆ ಕಟ್ಟಬೇಕು ಅಂತ ಆಸೆ. ಸರಿ ಅಕ್ಕ, ಮೊದಲು ಜಾಗ ಅಳೆಯಿರಿ. ಉದ್ದ 10 ಅಡಿ, ಅಗಲ 10 ಅಡಿ ಅಂದರೆ 100 ಚದರ ಅಡಿ. ಪಂಚಾಯ್ತಿಯಲ್ಲಿ ಅನುಮತಿ ಕೇಳಿ.

ಮೇಸ್ತ್ರಿ ಬಾಯಲ್ಲಿ ಹೇಳಿದ ಲೆಕ್ಕ ಸಾಲದು. ಕಲ್ಲು, ಇಟ್ಟಿಗೆ, ಮರಳು, ಸಿಮೆಂಟು, ಕೂಲಿ ಎಲ್ಲಾ ಪುಸ್ತಕದಲ್ಲಿ ಬರೆಯಿರಿ. ನಾವು ಬರೆಯಲಿಲ್ಲ. ದುಡ್ಡೆಲ್ಲ ಮೊದಲೇ ಕೊಟ್ಟೆವು. ಗೋಡೆ ಎದೆಮಟ್ಟ ಬಂತು, ಮೇಸ್ತ್ರಿ ಬರಲಿಲ್ಲ. ಮಳೆ ಬಂತು! ಅದಕ್ಕೇ ಹೇಳ್ತೀನಿ. ತಳಪಾಯ ಆದಮೇಲೆ ಇಷ್ಟು, ಗೋಡೆ ಆದಮೇಲೆ ಇಷ್ಟು ಅಂತ ಕೊಡಿ. ಕೊಟ್ಟ ದಿನವೇ ಬರೆದು ಸಹಿ ಹಾಕಿಸಿ.

ಗಂಟು ಕಟ್ಟಿದ ಸಿಮೆಂಟು ಬೇಡ. ಕಟ್ಟಿದ ಗೋಡೆಗೆ 7 ದಿನವಾದರೂ ನೀರು ಹಾಕಬೇಕು. ಇಲ್ಲದಿದ್ದರೆ ಸಿಮೆಂಟು ಗಟ್ಟಿಯಾಗೋದಿಲ್ಲ. ನೀರು ಹೊರುವವರು ನಾವೇ ತಾನೆ? ಮಳೆಗಾಲ ಮುಗಿದ ಕೂಡಲೇ ಕೆಲಸ ಶುರು ಮಾಡಿ. ಆಗ ಬಾವಿಯಲ್ಲಿ ನೀರಿರುತ್ತೆ.